ಬರ್ಕ್ಲಿಯ ಮರದ ನೆಲಕ್ಕೆ ಒಂದು ಸಲ ಬನ್ನಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡದ ಗೆಳೆಯರೇ, ಬರುವ ಶನಿವಾರಗಳಲ್ಲಿ ಯಾವುದಾದರೂ ಒಂದನ್ನು ಖಾಲಿ ಇಟ್ಟುಕೊಳ್ಳಿ. ಒಂದು ಬರ್ತ್‌ಡೇ ಪಾರ್ಟಿ ತಪ್ಪಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರಿಗೂ ಒಂದು ರಿಟರ್ನ್ ಗಿಫ್ಟ್ ಉಳಿಯುತ್ತದೆ.

ಬರ್ಕ್ಲಿಯ ಸ್ಯಾನ್ ಪಾಬ್ಲೋ ಅವೆನ್ಯೂನಲ್ಲಿ ಆಷ್ಕೆನಾಜ್ ಅಂತ ಸಂಗೀತ, ಕುಣಿತದ ಒಂದು ಚಿಕ್ಕ ಜಾಗ ಇದೆ. ಪೂರ್ವ ಯೂರೋಪಿನ ಯಹೂದಿಗಳು ಹಿಂದೆ ಮರದಲ್ಲೇ ಪ್ರಾರ್ಥನಾ ಮಂದಿರ ಕಟ್ಟುತ್ತಿದ್ದರು. ಅದೇ ರೂಪ ಇದಕ್ಕೂ ಕೊಟ್ಟಿದ್ದಾರೆ. ಒಳಗೆ ಒಂದು ಸಾಧಾರಣ ವೇದಿಕೆ, ಅದರ ಮುಂದೆ ಮರದ ನೆಲ. ಅಲ್ಲಿ ಆ ನೆಲವೇ ಮುಖ್ಯ. ಕುರ್ಚಿ, ಬೆಂಚು ಏನಿದ್ದರೂ ಬದಿಯಲ್ಲಿ, ಕಾಲು ಸೋತವರಿಗೆ.

ಮುಂದಿನ ವಾರಗಳ ಪಟ್ಟಿ ನೋಡಿದೆ. ಒಂದು ರಾತ್ರಿ ಬಾಲ್ಕನ್ ಸಂಗೀತ (ಆಗ್ನೇಯ ಯೂರೋಪಿನ ಬಲ್ಗೇರಿಯಾ ಕಡೆಯದು), ಒಂದು ರಾತ್ರಿ ಲೂಯಿಸಿಯಾನಾದ ಜೈಡಿಕೋ, ಇನ್ನೊಂದು ದಿನ ಪಶ್ಚಿಮ ಆಫ್ರಿಕಾದ ಬ್ಯಾಂಡ್, ನಡುವೆ ಜಮೈಕಾದ ರೆಗೆ. ಟಿಕೆಟ್ 20 ಡಾಲರ್ ಆಸುಪಾಸು. ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಇದನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರೆ ಎರಡು ಹೆಬ್ಬೆರಳು ಬಂದವು, ಒಂದು 'ನೈಸ್' ಬಂತು. ಅದೇ ವಾರ ಸಿನಿಮಾ ಗಾಯಕರೊಬ್ಬರ ಸ್ಟೇಡಿಯಂ ಶೋ ಟಿಕೆಟ್ ಬಿಟ್ಟಿದ್ದರು. ಯಾವ ಸಾಲು, ಯಾವ ಬ್ಲಾಕ್, ಯಾರ ಹತ್ತಿರ ಡಿಸ್ಕೌಂಟ್ ಕೋಡ್ ಇದೆ ಅಂತ ಗುಂಪು ಮಧ್ಯರಾತ್ರಿವರೆಗೂ ಮಲಗಲಿಲ್ಲ. ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ನೂರಾರು ಡಾಲರ್ ಕೊಟ್ಟು, ಪಾರ್ಕಿಂಗಿಗೆ ಬೇರೆ ಕೊಟ್ಟು, ಅಲ್ಲಿ ನಾವು ನೋಡುವುದು ಒಂದು ದೊಡ್ಡ ಪರದೆಯನ್ನು. ಪರದೆ ಮನೆಯಲ್ಲೂ ಇದೆ ಅಲ್ವಾ?

"ಆ ಸಂಗೀತ ನಮಗೆ ಅರ್ಥ ಆಗಲ್ಲ ಗುರು" ಅಂತ ಒಬ್ಬ ಸ್ನೇಹಿತ ಹೇಳಿದ. ಅವನ ಮಗಳು ಐದನೇ ವಯಸ್ಸಿನಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಸಪ್ತತಾಳ ಬಾಯಿಪಾಠ. ಅವನಿಗೇ ನಾನು ಮೊದಲು ಹೇಳಬೇಕಾದ್ದು: ಬಾಲ್ಕನ್ ರಾತ್ರಿಗೆ ಆ ಹುಡುಗಿಯನ್ನು ಕರೆದುಕೊಂಡು ಹೋಗಪ್ಪ.

ಯಾಕೆ ಅಂದರೆ ಬಲ್ಗೇರಿಯಾದವರು ಕುಣಿಯುವ ಲೆಕ್ಕ ನಮಗೆ ಚೆನ್ನಾಗಿ ಗೊತ್ತಿರುವ ಲೆಕ್ಕ. ಪೈದುಷ್ಕೋ ಅಂತ ಒಂದು ಕುಣಿತ ಇದೆ. ಅದಕ್ಕೆ ಐದು ಎಣಿಕೆ, ಎರಡು ಮತ್ತು ಮೂರು. ತಕ ತಕಿಟ, ತಕ ತಕಿಟ. ನಮ್ಮ ಖಂಡ ಛಾಪು ತಾಳವೇ. ರಚೆನಿತ್ಸಾ ಅಂತ ಇನ್ನೊಂದು, ಅದು ಏಳು. ಆದರೆ ಇಲ್ಲೊಂದು ತಮಾಷೆ ಇದೆ. ನಮ್ಮ ಮಿಶ್ರ ಛಾಪುವಿನಲ್ಲಿ ಮೂರು ಮೊದಲು ಬರುತ್ತದೆ, ನಾಲ್ಕು ಆಮೇಲೆ: ತಕಿಟ ತಕದಿಮಿ. ಅವರದು ತಿರುಗಾಮುರುಗಾ: ತಕ ತಕ ತಕಿಟ. ಕೊನೆಯ ಉದ್ದದ ಹೆಜ್ಜೆಯಲ್ಲಿ ಮೈ ಸ್ವಲ್ಪ ಜಗ್ಗುತ್ತದೆ. ಛಾಪು ಹಾಕಿ ಅಭ್ಯಾಸವಾದ ಕೈ ಅಲ್ಲಿ ತಡವರಿಸುತ್ತದೆ. ಹನ್ನೊಂದು ಎಣಿಕೆಯ ಕುಣಿತವೂ ಇದೆ, ಕೊಪನಿತ್ಸಾ ಅಂತ. ಎರಡು, ಎರಡು, ಮೂರು, ಎರಡು, ಎರಡು. ಕೂತು ಲೆಕ್ಕ ಹಾಕಿದರೆ ತಲೆ ಕೆಡುತ್ತದೆ. ಅಲ್ಲಿ ಎಪ್ಪತ್ತು ದಾಟಿದ ಅಜ್ಜಿಯರು ಪಕ್ಕದವರ ಜೊತೆ ಮಾತಾಡಿಕೊಂಡೇ ಕುಣಿಯುತ್ತಿರುತ್ತಾರೆ.

ಕುಣಿಯುವ ಕ್ರಮವೂ ಚೆನ್ನಾಗಿದೆ. ಎಲ್ಲರೂ ಕೈ ಹಿಡಿದು ಒಂದು ಸಾಲು. ಸಾಲು ಹೆಚ್ಚಾಗಿ ಬಲಕ್ಕೆ ಸಾಗುತ್ತದೆ. ಬಲತುದಿಯಲ್ಲಿ ಇರುವವರೇ ಮುಂದಾಳು, ಅವರ ಕೈಯಲ್ಲಿ ಕೆಲವೊಮ್ಮೆ ಕರವಸ್ತ್ರ. ಹೊಸಬರು ಬಾಲದ ಕಡೆ ಸೇರಿಕೊಳ್ಳಬೇಕು. ಮುಂದಾಳಿನ ಎದುರಿಗೆ ಹೋಗಿ ನುಗ್ಗಬಾರದು, ಅದು ಮರ್ಯಾದೆ ಅಲ್ಲ. ಬಾಲದಲ್ಲಿ ನಿಂತರೆ ಎಡಗೈ ಖಾಲಿ, ಬಲಗೈ ಮಾತ್ರ ಯಾರದೋ ಕೈಯಲ್ಲಿ. ತಪ್ಪಿದರೆ ಆ ಕೈಯೇ ಎಳೆದುಕೊಂಡು ಹೋಗುತ್ತದೆ. ನನ್ನ ಪಕ್ಕ ಒಮ್ಮೆ ಸಿಕ್ಕ ಹೆಂಗಸು ನನ್ನ ಕಾಲು ನೋಡಲೇ ಇಲ್ಲ. ಕೈಯನ್ನು ಸ್ವಲ್ಪ ಮೇಲೆತ್ತಿ, ಸ್ವಲ್ಪ ಕೆಳಗೆ ಒತ್ತಿ ನನ್ನನ್ನು ತಾಳಕ್ಕೆ ತಂದರು. ಹೆಸರು ಕೇಳಲಿಲ್ಲ, ಹೇಳಲಿಲ್ಲ. ಹಾಡು ಮುಗಿಯಿತು, ಅವರು ನೀರು ಕುಡಿಯಲು ಹೋದರು.

ಭಯ ಪಡಬೇಡಿ. ಎಷ್ಟೋ ರಾತ್ರಿಗಳಲ್ಲಿ ಬ್ಯಾಂಡ್ ಶುರುವಾಗುವ ಮುಂಚೆ ಹೆಜ್ಜೆ ಹೇಳಿಕೊಡುತ್ತಾರೆ, ಟಿಕೆಟ್‌ನಲ್ಲೇ ಸೇರಿರುತ್ತದೆ. ಬೇಗ ಹೋಗಿ. ನಮ್ಮ ಜನ ಏಳೂವರೆ ಅಂದರೆ ಎಂಟೂವರೆಗೆ ಹೊರಡುವವರು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಜೈಡಿಕೋ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕೇಳಿದರೆ ಸಾಕು. ಲೂಯಿಸಿಯಾನಾದ ಕಪ್ಪು ಜನರ, ಫ್ರೆಂಚ್ ಮಾತಾಡುತ್ತಿದ್ದ ಕ್ರಿಯೋಲ್ ಜನರ ಸಂಗೀತ. ಅಕಾರ್ಡಿಯನ್ ಮುಂದೆ, ಹಿಂದೆ ಡ್ರಮ್ಸು. ಬಟ್ಟೆ ಉಜ್ಜುವ ಏರುತಗ್ಗಿನ ತಗಡನ್ನು ಹೆಗಲಿಗೆ ನೇತುಹಾಕಿಕೊಂಡು ಚಮಚದಲ್ಲೋ, ಬಾಟಲ್ ಓಪನರ್‌ನಲ್ಲೋ ಉಜ್ಜುವವನೊಬ್ಬ ಪಕ್ಕದಲ್ಲಿ. ಆ ತಗಡಿನ ಅಂಗಿಯನ್ನು ಹೀಗೆ ಮಾಡಿಸಬಹುದು ಅಂತ 1946ರಲ್ಲಿ ಯೋಚಿಸಿದವರು ಕ್ಲಿಫ್ಟನ್ ಶೆನಿಯೇ, ಜೈಡಿಕೋದ ದೊಡ್ಡ ಹೆಸರು. ನಮ್ಮ ಬೇ ಏರಿಯಾದಲ್ಲಿ ಈ ಸಂಗೀತವನ್ನು ಬೆಳೆಸಿದವರಲ್ಲಿ ಕ್ವೀನ್ ಐಡಾ ಇದ್ದಾರೆ. ಲೂಯಿಸಿಯಾನಾದಲ್ಲಿ ಹುಟ್ಟಿ ಇಲ್ಲಿಗೆ ಬಂದವರು. ಮಕ್ಕಳನ್ನು ಸಾಕಿಕೊಂಡು ಸ್ಕೂಲ್ ಬಸ್ ಓಡಿಸುತ್ತಿದ್ದರು. ನಲವತ್ತು ದಾಟಿದ ಮೇಲೆ ಅಕಾರ್ಡಿಯನ್ ಹಿಡಿದು ವೇದಿಕೆ ಹತ್ತಿದರು, 1983ರಲ್ಲಿ ಗ್ರ್ಯಾಮಿ ಗೆದ್ದರು. "ಇನ್ನು ಈ ವಯಸ್ಸಿನಲ್ಲಿ ಏನು ಕಲಿಯೋದು" ಅನ್ನುವ ನಮ್ಮ ಮನೆಯವರಿಗೆ ಈ ಸುದ್ದಿ ತಲುಪಿಸಿ.

ಇದೇ ನಾನು ಹೇಳಬೇಕೆಂದಿರುವ ವಿಷಯ. 'ವರ್ಲ್ಡ್ ಮ್ಯೂಸಿಕ್' ಅಂದ ತಕ್ಷಣ ಎಲ್ಲೋ ದೂರದಿಂದ ವಿಮಾನ ಹತ್ತಿ ಬರುವ ಕಲಾವಿದರು ಅಂತ ನಾವು ಅಂದುಕೊಳ್ಳುತ್ತೇವೆ. ಇಂಥ ಚಿಕ್ಕ ಜಾಗಗಳಲ್ಲಿ ನುಡಿಸುವವರು ಹೆಚ್ಚಿನವರು ಇಲ್ಲಿನವರೇ. ಹಗಲು ಬೇರೆ ಕೆಲಸ, ರಾತ್ರಿ ಡೋಲು. ನಮ್ಮ ಹಾಗೆ ಬಾಡಿಗೆ ಕಟ್ಟುವವರು, ನಮ್ಮ ಹಾಗೆ ಊರಿಗೆ ಫೋನ್ ಮಾಡುವವರು. ಬರ್ಕ್ಲಿಯ ಯೂನಿವರ್ಸಿಟಿಯಲ್ಲಿ ಘಾನಾದ ಸಿ.ಕೆ. ಲಾಡ್ಜೆಕ್ಪೋ 1973ರಿಂದ ಆಫ್ರಿಕನ್ ಡೋಲು ಕಲಿಸಿದ್ದಾರೆ. ಶ್ಯಾಟಕ್ ಅವೆನ್ಯೂನ ಲಾ ಪೇನ್ಯಾ ಅನ್ನುವ ಸಾಂಸ್ಕೃತಿಕ ಕೇಂದ್ರವನ್ನು 1975ರಲ್ಲಿ ಶುರು ಮಾಡಿದವರಲ್ಲಿ ಚಿಲಿಯ ಮಿಲಿಟರಿ ದಂಗೆಯಿಂದ ದೇಶ ಬಿಟ್ಟು ಬಂದವರಿದ್ದರು. ಇವರೆಲ್ಲ ಒಂದು ಸಂಜೆಗೆ ಬಂದು ಹೋದ ಅತಿಥಿಗಳಲ್ಲ. ಬಂದರು, ಇಲ್ಲೇ ಉಳಿದರು, ಅಕ್ಕಪಕ್ಕದವರಿಗೆ ಕಲಿಸಿದರು.

ಹೊರಗಿನಿಂದ ಕರೆಸುವುದು ಈಗಂತೂ ಕಷ್ಟ. ಇದು ನಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾಗಬೇಕು? ನಮ್ಮ ಎಚ್-1ಬಿ ಕೆಲಸದ ವೀಸಾಕ್ಕೆ ಕಂಪನಿ ತುಂಬುವ ಅದೇ ಐ-129 ಫಾರ್ಮನ್ನೇ, ಪಶ್ಚಿಮ ಆಫ್ರಿಕಾದ ತಂತಿವಾದ್ಯ ಕೋರಾ ನುಡಿಸುವ ಒಬ್ಬನನ್ನು ಕರೆಸಲೂ ತುಂಬಬೇಕು. ಹಿಂದೆ ಅದಕ್ಕೆ 460 ಡಾಲರ್ ಇತ್ತು. 2024ರ ಏಪ್ರಿಲ್ 1ರಿಂದ ಕಲಾವಿದರ ಅರ್ಜಿಗೆ ಸಾವಿರ ಡಾಲರ್ ದಾಟಿತು. ಚಿಕ್ಕ ಸಂಸ್ಥೆಗಳಿಗೆ ಸುಮಾರು ಅರ್ಧ ರಿಯಾಯಿತಿ ಉಂಟು. ಆದರೆ ಅರ್ಜಿ ಬೇಗ ತೀರ್ಮಾನ ಆಗಲಿ ಅಂತ ಪ್ರೀಮಿಯಂ ಶುಲ್ಕ ಕಟ್ಟಿದರೆ 2,800 ಡಾಲರಿಗೂ ಹೆಚ್ಚು ಬೇರೆ. ನಮ್ಮದನ್ನು ಕಂಪನಿ ಕೊಡುತ್ತದೆ. 20 ಡಾಲರ್ ಟಿಕೆಟ್ ಮಾರುವ ಹಾಲ್‌ನವರು ಎಲ್ಲಿಂದ ತರಬೇಕು?

ಆಷ್ಕೆನಾಜ್ ಉಳಿದುಕೊಂಡ ಕಥೆಯೂ ಅಕ್ಕಪಕ್ಕದವರ ಕಥೆಯೇ. ಅದನ್ನು 1973ರಲ್ಲಿ ಶುರು ಮಾಡಿದವರು ಡೇವಿಡ್ ನೇಡೆಲ್, ಜನಪದ ಕುಣಿತದ ಹುಚ್ಚಿದ್ದ ಮನುಷ್ಯ. 1996ರ ಡಿಸೆಂಬರಿನ ಒಂದು ರಾತ್ರಿ ಗಲಾಟೆ ಮಾಡುತ್ತಿದ್ದವನೊಬ್ಬನನ್ನು ಹೊರಗೆ ಕಳಿಸಿದರು. ಅವನು ವಾಪಸ್ ಬಂದು ಬಾಗಿಲಲ್ಲೇ ಗುಂಡು ಹಾರಿಸಿದ. ನೇಡೆಲ್ ಬದುಕಲಿಲ್ಲ. ಒಬ್ಬನೇ ಮನುಷ್ಯನ ಮೇಲೆ ನಿಂತಿದ್ದ ಜಾಗ ಅದು, ಅಲ್ಲಿಗೇ ಮುಗಿಯಬೇಕಿತ್ತು. ಅಲ್ಲಿ ಕುಣಿಯುತ್ತಿದ್ದವರು, ನುಡಿಸುತ್ತಿದ್ದವರು ಸೇರಿ ಲಾಭಕ್ಕಲ್ಲದ ಒಂದು ಸಂಸ್ಥೆ ಮಾಡಿಕೊಂಡರು, ದುಡ್ಡು ಕೂಡಿಸಿದರು, ಕಟ್ಟಡ ಕೊಂಡರು. ಮಾರನೇ ವರ್ಷ ಬಾಗಿಲು ಮತ್ತೆ ತೆರೆಯಿತು. ಕೊಂಡವರಲ್ಲಿ ದೊಡ್ಡ ಸಾಹುಕಾರರು ಯಾರೂ ಮುಂದೆ ಕಾಣುವುದಿಲ್ಲ, ಕುಣಿಯುವವರೇ ಕಾಣುತ್ತಾರೆ. (ಅಂದಹಾಗೆ, ಹತ್ತಿರದಲ್ಲೇ 924 ಗಿಲ್ಮನ್ ಅಂತ ಹುಡುಗರ ಪಂಕ್ ಕ್ಲಬ್ ಇದೆ. ಗ್ರೀನ್ ಡೇ ಬ್ಯಾಂಡ್ ಆರಂಭದ ದಿನಗಳಲ್ಲಿ ನುಡಿಸಿ ಬೆಳೆದದ್ದು ಅಲ್ಲಿ. ಆ ಬೀದಿಗಳ ನೀರಿನಲ್ಲೇ ಏನೋ ಇದೆ.)

ಈಗ ಸ್ವಲ್ಪ ಖಾರದ ಮಾತು. 1967ರಲ್ಲಿ ಸರೋದ್ ವಾದಕ ಅಲಿ ಅಕ್ಬರ್ ಖಾನ್ ತಮ್ಮ ಸಂಗೀತ ಶಾಲೆ ಶುರು ಮಾಡಿದ್ದು ಇದೇ ಬರ್ಕ್ಲಿಯಲ್ಲಿ. ಮಾರನೇ ವರ್ಷ ಸ್ಯಾನ್ ರಫೇಲ್‌ಗೆ ಹೋಯಿತು. ನಮ್ಮ ರಾಜೀವ ತಾರಾನಾಥರ ಗುರುಗಳು ಅವರು. ತಾರಾನಾಥರೂ ಕ್ಯಾಲಿಫೋರ್ನಿಯಾಕ್ಕೆ ಬಂದು ಕ್ಯಾಲ್‌ಆರ್ಟ್ಸ್ ಅನ್ನುವ ಕಲಾ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು. ಅಮೆರಿಕದ ಹುಡುಗ ಹುಡುಗಿಯರು ಆ ಗುರುಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಮಂಡಿ ನೋವಾದರೂ ಕೂತರು. ರಾಗ ಎಂದರೇನು ಅಂತ ಗೊತ್ತಿಲ್ಲದೆ ಬಂದವರು ಕೂತು ಕೂತೇ ತಿಳಿದುಕೊಂಡರು. ಅದರ ಬಗ್ಗೆ ನಮಗೆ ತುಂಬಾ ಹೆಮ್ಮೆ, ಫಾರ್ವರ್ಡ್ ಮಾಡಿದ್ದೇ ಮಾಡಿದ್ದು. ಅವರ ನೆಲಕ್ಕೆ ನಾವು ಎಷ್ಟು ಸಲ ಹೋದೆವು? ನಾನು ಹೋದಾಗಲೆಲ್ಲ ಸುತ್ತ ನೋಡುತ್ತೇನೆ. ಮೆಕ್ಸಿಕೋದವರು, ಇಥಿಯೋಪಿಯಾದವರು, ಜಪಾನಿನವರು ಕಾಣುತ್ತಾರೆ. ನಮ್ಮವರು ಅಪರೂಪ. ಬಂದರೂ ಗೋಡೆ ಪಕ್ಕ ನಿಂತು ವಿಡಿಯೋ ತೆಗೆಯುತ್ತಾರೆ.

ಸಂಗೀತ ಅಂದರೆ ನಮಗೆ ಒಂದೋ ಕ್ಲಾಸು, ಇಲ್ಲವೇ ಶೋ ಆಗಿಬಿಟ್ಟಿದೆ. ಮಗು ಕ್ಲಾಸಿಗೆ, ಅಪ್ಪ ಅಮ್ಮ ಶೋಗೆ. ಇವೆರಡರ ನಡುವೆ ಇನ್ನೊಂದು ಜಾಗ ಇತ್ತು, ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕೋಲಾಟ ಯಾರೂ ಟಿಕೆಟ್ ಕೊಂಡು ನೋಡುತ್ತಿರಲಿಲ್ಲ, ಆಡುತ್ತಿದ್ದರು. ಡೊಳ್ಳಿನ ಸದ್ದು ಎದೆಗೆ ಬಡಿಯಬೇಕಾದರೆ ಡೊಳ್ಳಿನ ಪಕ್ಕ ನಿಂತಿರಬೇಕು. ಇಲ್ಲಿ ನಾವು ರಾಜ್ಯೋತ್ಸವಕ್ಕೆ ಡೊಳ್ಳನ್ನು ಹೈಸ್ಕೂಲ್ ಆಡಿಟೋರಿಯಂ ವೇದಿಕೆ ಮೇಲೆ ಹತ್ತಿಸಿ, ಐದು ನಿಮಿಷ ಕೊಟ್ಟು, ನಿರೂಪಕರು ಗಡಿಯಾರ ನೋಡುತ್ತಿರುವಾಗಲೇ ಇಳಿಸುತ್ತೇವೆ. ಮುಂದೆ ಒಂಬತ್ತು ಐಟಂ ಕಾಯುತ್ತಿರುತ್ತವಲ್ಲ.

ಆದ್ದರಿಂದ ನನ್ನದೊಂದು ಸಲಹೆ. ಇಂಥ ನೆಲದಲ್ಲಿ ಒಂದು ಕನ್ನಡ ರಾತ್ರಿ ಆಗಲಿ. ನಿರೂಪಣೆ ಬೇಡ, ಹಾರ ಬೇಡ, ಸ್ಪಾನ್ಸರ್ ಭಾಷಣ ಬೇಡವೇ ಬೇಡ. ಮೊದಲ ಮುಕ್ಕಾಲು ಗಂಟೆ ಕೋಲಾಟದ ಹೆಜ್ಜೆ ಹೇಳಿಕೊಡೋಣ, ಬಂದವರು ಬಲ್ಗೇರಿಯಾದವರಾಗಲಿ, ಬಳ್ಳಾರಿಯವರಾಗಲಿ. ಆಮೇಲೆ ಡೊಳ್ಳು, ಕಂಸಾಳೆ, ಹಾಡುವವರು ನಾಲ್ಕು ಜನ. ಈ ಕಡೆ ಡೊಳ್ಳಿನ ತಂಡಗಳಿವೆ, ಚೆನ್ನಾಗಿಯೂ ಬಾರಿಸುತ್ತಾರೆ. ಕೋಲು ಯಾರದೋ ಗರಾಜಿನಲ್ಲಿ ಧೂಳು ತಿನ್ನುತ್ತಾ ಇರುತ್ತವೆ. ಆದರೆ ಹೀಗೆ ಏಕಾಏಕಿ ಹೋಗಿ "ನಮಗೊಂದು ಡೇಟ್ ಕೊಡಿ" ಅಂತ ಕೇಳುವುದು ಸರಿಯಲ್ಲ. ಮೊದಲು ಅವರ ಕಾರ್ಯಕ್ರಮಕ್ಕೆ ಹೋಗೋಣ. ನಾಲ್ಕು ಸಲ ಟಿಕೆಟ್ ಕೊಳ್ಳೋಣ, ಬಾಲದಲ್ಲಿ ನಿಂತು ಕುಣಿಯೋಣ, ಮುಖ ಪರಿಚಯ ಆಗಲಿ. ಆಮೇಲೆ ಕೇಳೋಣ.

ಹೊರಡುವವರಿಗೆ ಒಂದೆರಡು ವಿಷಯ. ರಬ್ಬರ್ ಅಟ್ಟೆಯ ಶೂ ಬೇಡ, ಮರದ ಮೇಲೆ ತಿರುಗುವಾಗ ಕಾಲು ಜಾರದೆ ಅಂಟಿಕೊಳ್ಳುತ್ತದೆ, ಮಂಡಿಗೆ ಪೆಟ್ಟು. ಸ್ವೆಟರ್ ಕಾರಿನಲ್ಲೇ ಇಡಿ, ಒಳಗೆ ಹತ್ತು ನಿಮಿಷದಲ್ಲಿ ಬೆವರು ಬರುತ್ತದೆ. ಕಾರಿಗೆ ಜಾಗ ಅಕ್ಕಪಕ್ಕದ ಬೀದಿಗಳಲ್ಲಿ ಹುಡುಕಬೇಕು, ಮನೆಗಳಿರುವ ಬೀದಿ, ರಾತ್ರಿ ಹೊರಗೆ ಬಂದಾಗ ಜೋರಾಗಿ ಮಾತಾಡಬೇಡಿ. ಬಾರ್ಟ್ ರೈಲಿನಲ್ಲಿ ಬರುವವರು ನಾರ್ತ್ ಬರ್ಕ್ಲಿಯಲ್ಲಿ ಇಳಿಯಿರಿ.

ಬಾಲ್ಕನ್ ರಾತ್ರಿಗೆ ನಾನಂತೂ ಹೋಗುತ್ತಿದ್ದೇನೆ. ಫ್ರೀಮಾಂಟಿನಿಂದ ಐದೂಮುಕ್ಕಾಲಿಗೆ ಹೊರಡುತ್ತೇನೆ, 880 ಹೆದ್ದಾರಿಯಲ್ಲಿ ಟ್ರಾಫಿಕ್ ಹೇಗಿರುತ್ತದೋ ಗೊತ್ತಲ್ಲ. ಕಾರಿನಲ್ಲಿ ಮೂರು ಸೀಟ್ ಖಾಲಿ ಇವೆ. ಬರುವವರು ಕೆಳಗೆ ಕಾಮೆಂಟ್ ಹಾಕಿ. ಬರೀ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ.