ಹತ್ತೊಂಬತ್ತನೇ ಗೇಟು ಯಾವ ವಿಭಾಗಕ್ಕೆ ಸೇರುತ್ತೆ?

ಕೊಪ್ಪಳದ ಒಂದು ಡಿಗ್ರಿ ಕಾಲೇಜಿನಲ್ಲಿ ಬಿ.ಕಾಂ ಹುಡುಗರಿಗೆ ಇತಿಹಾಸದ ಓಪನ್ ಎಲೆಕ್ಟಿವ್, ಅಂದರೆ ಬೇರೆ ವಿಭಾಗದವರು ಆರಿಸಿಕೊಳ್ಳೋ ಜನರಲ್ ಪೇಪರ್, ಪಾಠ ಮಾಡುತ್ತಿದ್ದೆ. ಸಿಲಬಸ್ ಏನಂದ್ರೆ, ಬಿ.ಎ ಹುಡುಗರ ಐದು ಯೂನಿಟ್‌ನಲ್ಲಿ ಎರಡು ಕತ್ತರಿಸಿ ಉಳಿದದ್ದು. ಶಾತವಾಹನರಿಂದ ಶುರು, ವಿಜಯನಗರ ಮುಟ್ಟೋದ್ರೊಳಗೆ ಸೆಮಿಸ್ಟರ್ ಖಲಾಸ್. ಹುಡುಗರು ಹಾಜರಿಗೋಸ್ಕರ ಕೂರುತ್ತಿದ್ದರು. ತಪ್ಪು ಅವರದಲ್ಲ ಬಿಡಿ.

2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದಾಗ ಇಂಥ ಪೇಪರ್‌ಗಳ ಸುಗ್ಗಿಯೇ ಆಯಿತು. 2024ರಲ್ಲಿ ಅದನ್ನ ಕೈಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ. ಸ್ಕೀಮ್ ಯಾವುದಾದರೂ ಸ್ಟಾಫ್ ರೂಮಿನ ಮಾತು ಒಂದೇ: ಯಾರಿಗೆ ವರ್ಕ್‌ಲೋಡ್ ಕಮ್ಮಿ ಬೀಳುತ್ತೆ? ಹುಡುಗರಿಗೆ ಏನು ಬೇಕು ಅನ್ನೋದು ಆಮೇಲೆ, ಟೈಮ್ ಇದ್ದರೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ ಹತ್ತೊಂಬತ್ತನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಅದಾದ ಮೇಲಿನ ಕ್ಲಾಸು. ಗಂಗಾವತಿ ಕಡೆ ಹುಡುಗ, ಹಿಂದಿನ ಬೆಂಚು, ಅಲ್ಲಿವರೆಗೆ ಬಾಯಿ ಬಿಟ್ಟವನಲ್ಲ. "ಸರ್, ಎರಡನೇ ಬೆಳಿಗೆ ನೀರು ಬಿಡ್ತಾರೇನ್ರಿ?" ಅಂದ. ಶಾತವಾಹನರು ಅಲ್ಲೇ ನಿಂತರು.

ಡ್ಯಾಂ ಕಟ್ಟೋಕೆ ಶುರು ಮಾಡಿದಾಗ ಮುನಿರಾಬಾದ್ ಕಡೆ ನಿಜಾಮರದು, ಹೊಸಪೇಟೆ ಕಡೆ ಮದ್ರಾಸಿನದು ಅಂದೆ. ನಿಮ್ಮ ಫೈಲಿನಲ್ಲಿರೋ 371ಜೆ ಸರ್ಟಿಫಿಕೇಟಿಗೂ (ಕಲ್ಯಾಣ ಕರ್ನಾಟಕದವರಿಗೆ ಸೀಟು, ನೌಕರಿಯಲ್ಲಿ ಮೀಸಲು ಕೊಡಿಸೋದು) ಆ ನಿಜಾಮರ ಕಾಲಕ್ಕೂ ನಂಟಿದೆ ಅಂದಾಗ ಮೂರು ಜನ ಫೋನ್ ಕೆಳಗಿಟ್ಟರು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸು, ಉಳಿದ ಜಾಗ ಹೂಳಿಗೆ. ಆ ಹೂಳು ಎಲ್ಲಿಂದ ಬಂತು? ನೀರು ಬಿಡೋದು ಯಾರ ಕೈಯಲ್ಲಿದೆ? ಬೆಳೆ ಹೋದರೆ ಸೋನಾ ಮಸೂರಿ ರೇಟು ಏನಾಗುತ್ತೆ? ಈ ಕೊನೆಯದಕ್ಕೆ ಅವರೇ ನನಗೆ ಪಾಠ ಮಾಡಿದರು, ಅರ್ಧ ಕ್ಲಾಸು ದಲ್ಲಾಳಿ ಅಂಗಡಿ ಲೆಕ್ಕ ಬರೆದವರೇ.

ಜನರಲ್ ಪೇಪರ್ ಅಂದರೆ ನನ್ನ ಪ್ರಕಾರ ಇದು. ನಮ್ಮ ವಿಷಯವನ್ನ ಕತ್ತರಿಸಿ ಚಿಕ್ಕದು ಮಾಡಿ ಕೊಡೋದಲ್ಲ. ಹುಡುಗರ ಕಣ್ಣೆದುರಿನ ಒಂದೇ ಸಂಗತಿ ಹಿಡಿದು ನಾಲ್ಕು ವಿಭಾಗದವರು ಅದನ್ನ ಅಗೆಯೋದು. ಪೋರ್ಷನ್ ಕಮ್ಮಿ ಆಗುತ್ತೆ, ಹೌದು. ಆಗಲಿ.

ಆದರೆ "ಚೈನು ಯಾಕ್ ಹರೀತು ಸರ್?" ಅಂದಾಗ ನಾನು ತಡವರಿಸಿದೆ. ಫಿಸಿಕ್ಸ್ ಮೇಡಂ ಪಕ್ಕದ ರೂಮಿನಲ್ಲೇ ಇದ್ದರು, ಕ್ಲಾಸೂ ಇರಲಿಲ್ಲ. ಕರೆಯೋಣ ಅಂದರೆ ಒಂದು ಪೇಪರಿಗೆ ಒಬ್ಬರೇ ಮೇಷ್ಟ್ರು, ರಿಜಿಸ್ಟರ್‌ನಲ್ಲಿ ಇನ್ನೊಂದು ಸಹಿಗೆ ಜಾಗವೇ ಇಲ್ಲ.

ಪರೀಕ್ಷೆಯಲ್ಲಿ ಶಾತವಾಹನರ ಆಡಳಿತ ಬಂತು, ಹತ್ತು ಅಂಕಕ್ಕೆ. ಸಿಲಬಸ್ ತಯಾರಿಸೋ ಬಿಒಎಸ್‌ನಲ್ಲಿರೋ (ಬೋರ್ಡ್ ಆಫ್ ಸ್ಟಡೀಸ್) ಗೆಳೆಯರೇ, ಮುಂದಿನ ಮೀಟಿಂಗ್‌ನಲ್ಲಿ ಆ ಎರಡನೇ ಸಹಿ ಬಗ್ಗೆಯಾದರೂ ಒಂದು ಮಾತು ಎತ್ತುತ್ತೀರಾ?