ಆಲ್ಸಾಸ್‌ನ ಮರದ ಮನೆಗೆ ಸಿಮೆಂಟೇ ಶತ್ರು

ಫ್ರಾನ್ಸಿನ ಪೂರ್ವದಂಚಿನ ಆಲ್ಸಾಸ್‌ಗೆ ಹೋದವರು ಕೋಲ್ಮಾರ್, ಸ್ಟ್ರಾಸ್‌ಬುರ್ಗ್‌ನ ಬಣ್ಣಬಣ್ಣದ ಮನೆಗಳ ಮುಂದೆ ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. ಗೋಡೆಯ ಮೇಲೆ ಓರೆಕೋರೆಯಾಗಿ ಕಾಣುವ ಮರವನ್ನು ಅಲಂಕಾರ ಅಂದುಕೊಳ್ಳುವವರೇ ಹೆಚ್ಚು. ಆದರೆ ಮನೆಯ ಭಾರವನ್ನೆಲ್ಲ ಹೊರುವುದು ಆ ಓಕ್ ಚೌಕಟ್ಟು. ನಡುವಿನ ಮಣ್ಣಿಗೆ ಗಾಳಿ, ಚಳಿ ತಡೆಯುವುದಷ್ಟೇ ಕೆಲಸ.

ಕೆಳಗೆ ಮರಳುಗಲ್ಲಿನ ಅಡಿಗಟ್ಟು, ಅದರ ಮೇಲೆ ಮಲಗಿಸಿದ ಅಡಿತೊಲೆ, ಅದಕ್ಕೆ ನೆಟ್ಟ ಕಂಬಗಳು, ಕಂಬ ವಾಲದಂತೆ ಓರೆಗಂಬಗಳು. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ಗುಳಿಗೆ ಕೂರಿಸಿ, ಅಡ್ಡಲಾಗಿ ತೂತು ಕೊರೆದು ಒಣಗಿದ ಓಕ್ ಗೂಟ ಹೊಡೆಯುತ್ತಿದ್ದರು. ಚೌಕಟ್ಟಿನ ಮರ ಹಸಿಯಾಗಿರುತ್ತಿತ್ತು. ಒಣಗುತ್ತ ಕುಗ್ಗಿ ಗೂಟವನ್ನು ಬಿಗಿಹಿಡಿಯುತ್ತಿತ್ತು. ಬಡಗಿಗಳು ಮೊದಲು ನೆಲದ ಮೇಲೆ ಎಲ್ಲ ಜೋಡಿಸಿ ನೋಡಿ, ತುಂಡುತುಂಡಿಗೂ ರೋಮನ್ ಅಂಕಿಯಂಥ ಗುರುತು ಕೊರೆದು, ಬಿಚ್ಚಿ ತಂದು ನಿಲ್ಲಿಸುತ್ತಿದ್ದರು. ಬಿಚ್ಚಿ ಕಟ್ಟಬಹುದಾದ ಮನೆ ಎಂಬ ಕಾರಣಕ್ಕೇ, 1984ರಲ್ಲಿ ಉಂಗರ್ಸ್‌ಹೈಮ್‌ನಲ್ಲಿ ತೆರೆದ ಬಯಲು ಮ್ಯೂಸಿಯಂಗೆ ಹಳ್ಳಿಹಳ್ಳಿಯ ಮನೆಗಳನ್ನು ಸಾಗಿಸಿ ಉಳಿಸಿಕೊಳ್ಳಲಾಯಿತು.

ವಯಸ್ಸು ಅಂದಾಜಿಸಬೇಕೆಂದರೆ ಕಂಬ ನೋಡಿ. ನೆಲದಿಂದ ಸೂರಿನವರೆಗೆ ಒಂದೇ ಮರವಾಗಿದ್ದರೆ ಹಳೆಯ ಪದ್ಧತಿ. ಅಂತಸ್ತಿಗೊಂದು ಗಿಡ್ಡ ಕಂಬ, ಮೇಲಂತಸ್ತು ಬೀದಿಯತ್ತ ಮುಂಚಾಚಿದ್ದರೆ ಆಮೇಲಿನದು. ಸ್ಟ್ರಾಸ್‌ಬುರ್ಗ್‌ನ ಕಾಮರ್ಜೆಲ್ ಮನೆಯ ಕಲ್ಲಿನ ನೆಲಮಹಡಿ 1467ರದ್ದು, ಮೇಲಿನ ಕೆತ್ತನೆಯ ಮರದ ಮಹಡಿಗಳು 1589ರವು.

ಇಂಥ ಮನೆ ಕೆಡುವುದು ಹೆಚ್ಚಾಗಿ ರಿಪೇರಿಯಿಂದ! ಸೀಳಿದ ಓಕ್ ಕಡ್ಡಿಗಳ ತಟ್ಟಿಗೆ ಹುಲ್ಲು ಬೆರೆಸಿದ ಜೇಡಿಮಣ್ಣು ಮೆತ್ತಿ, ಮೇಲೆ ಸುಣ್ಣದ ಗಾರೆ ಹಚ್ಚಿದ ಗೋಡೆ ತೇವ ಹೀರಿಕೊಂಡು ಮತ್ತೆ ಹೊರಬಿಡುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಎಷ್ಟೋ ಮನೆಗಳ ಮೇಲೆ ಸಿಮೆಂಟ್ ಬಳಿದರು. ಮರ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಜಗ್ಗುವುದಿಲ್ಲ. ಎರಡರ ಅಂಚಿನಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ, ಮಳೆನೀರು ಒಳಗಿಳಿಯುತ್ತದೆ, ಹೊರಬರಲು ದಾರಿಯಿಲ್ಲ. ತೇವಾಂಶ ಶೇ. 20ರ ಮೇಲೇ ಉಳಿದರೆ ಮರಕ್ಕೆ ಶಿಲೀಂಧ್ರ ಹಿಡಿಯುವ ಅಪಾಯ. ಮೊದಲು ಹೋಗುವುದು ಅಡಿತೊಲೆ, ಆಮೇಲೆ ಕಂಬದ ಬುಡ. ರಸ್ತೆಯ ಮಟ್ಟ ಏರಿ ಅಡಿಗಟ್ಟು ಹೂತುಹೋಗಿದ್ದರಂತೂ ಕೇಳುವುದೇ ಬೇಡ. ಪರೀಕ್ಷೆ ಸುಲಭ: ಸ್ಕ್ರೂಡ್ರೈವರ್ ಚುಚ್ಚಿ. ಗಟ್ಟಿ ಓಕ್‌ನಲ್ಲಿ ತುದಿಯೂ ಇಳಿಯುವುದಿಲ್ಲ.

ರಿಪೇರಿಗೆ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು. ಸೂರಿನ ದೋಣಿ ಒಡೆದಿರಬಹುದು, ಬುಡದಲ್ಲಿ ಮಣ್ಣು ಏರಿರಬಹುದು. ಆಮೇಲೆ ಮೇಲಿನ ಭಾರಕ್ಕೆ ಆಸರೆ ಕೊಟ್ಟು, ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ತುದಿಗಳನ್ನು ಓರೆಯಾಗಿ ಕೊಯ್ದು ಹೊಸ ಓಕ್ ಸೇರಿಸಬೇಕು. ಎಪಾಕ್ಸಿ ಅಂಟು ತುಂಬಿ ಬಣ್ಣ ಹೊಡೆಯುವುದು ನನ್ನ ಪ್ರಕಾರ ರಿಪೇರಿಯಲ್ಲ, ಕಣ್ಕಟ್ಟು. ಉದುರಿದ ಹಳೆ ಮಣ್ಣನ್ನು ಎಸೆಯಬೇಡಿ. ನೆನೆಸಿ, ಹೊಸ ಹುಲ್ಲು ಸೇರಿಸಿ ತುಳಿದರೆ ಅದೇ ಮತ್ತೆ ಗೋಡೆಯಾಗುತ್ತದೆ. ಅದು ಪೂರ್ತಿ ಒಣಗಿ, ಬಿಡುವ ಬಿರುಕೆಲ್ಲ ಬಿಟ್ಟ ಮೇಲೆ, ಮೇಲ್ಮೈ ಒದ್ದೆ ಮಾಡಿ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆಯನ್ನು ತೆಳುವಾಗಿ ಎರಡು ಮೂರು ಸಲ ಎಳೆಯಬೇಕು. ಗಾರೆ ಮರದ ಮಟ್ಟಕ್ಕೇ ನಿಲ್ಲಬೇಕು. ಮುಂದೆ ಉಬ್ಬಿದರೆ ಅದರ ಮೇಲಂಚಿನಲ್ಲಿ ನೀರು ಕೂತು ಸೀದಾ ಮರಕ್ಕೆ ಇಳಿಯುತ್ತದೆ. ಚಳಿಗೆಂದು ಒಳಗೆ ಹೊದಿಕೆ ಬೇಕಿದ್ದರೆ ಮರದ ನಾರಿನ ಹಲಗೆ ಅಥವಾ ಸುಣ್ಣ ಬೆರೆಸಿದ ಹೆಂಪ್ ಗಿಡದ ಕಾಂಡದ ಚೂರು ಸಾಕು, ಥರ್ಮೋಕೋಲ್ ಬೇಡ.