ಡ್ರೈವ್‌ವೇ ಹಾಕಿಸೋರು ಮೊದಲು ಜಲ್ಲಿ ಬಗ್ಗೆ ಕೇಳಿ

ಏಪ್ರಿಲ್ ಬಂತು ಅಂದರೆ ನ್ಯೂಜೆರ್ಸಿಯ ಎಡಿಸನ್ ಊರಿನ ಸುತ್ತಮುತ್ತಲಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ. "ಡ್ರೈವ್‌ವೇ ಹಾಕೋರು ಯಾರಾದ್ರೂ ಗೊತ್ತಾ? ರೀಸನಬಲ್ ಆಗಿರ್ಬೇಕು." ಹತ್ತು ನಿಮಿಷದಲ್ಲಿ ನಾಲ್ಕು ಫೋನ್ ನಂಬರ್ ಬೀಳುತ್ತವೆ. ರಸ್ತೆಯಿಂದ ಗ್ಯಾರೇಜಿನವರೆಗಿನ ಆ ಡಾಂಬರು ಹಾದಿಯ ಅಡಿಯಲ್ಲಿ ಎಷ್ಟು ಜಲ್ಲಿ ಹಾಕುತ್ತಾರೆ ಅಂತ ಮಾತ್ರ ಯಾರೂ ಕೇಳಲ್ಲ.

ಅಡುಗೆಮನೆಗೆ ಗ್ರಾನೈಟ್ ಆರಿಸಬೇಕಾದರೆ ಗಂಡ ಹೆಂಡತಿ ಐದು ಅಂಗಡಿ ಅಲೆಯುತ್ತೇವೆ. ತುಂಡು ಮನೆಗೆ ತಂದು ಬೆಳಗ್ಗೆ ಬಿಸಿಲಲ್ಲಿ ಒಂದು ಸಲ, ರಾತ್ರಿ ಲೈಟಲ್ಲಿ ಒಂದು ಸಲ ನೋಡುತ್ತೇವೆ. ಅದೇ ಜನ ಮನೆ ಮುಂದಿನ ಸಾವಿರ ಚದರ ಅಡಿ ಡಾಂಬರಿನ ವಿಷಯ ಬಂದಾಗ "ಮೂರು ಕೊಟೇಶನ್ ತಗೊಂಡೆ, ಕಡಿಮೆ ಹೇಳಿದವನಿಗೆ ಕೊಟ್ಟೆ" ಅಂತ ಮುಗಿಸಿಬಿಡುತ್ತೇವೆ. ನನ್ನ ಜಗಳ ಇರೋದು ಇಲ್ಲೇ. ಕಡಿಮೆ ರೇಟು ತಪ್ಪು ಅಂತ ಹೇಳುತ್ತಿಲ್ಲ. ಆ ಮೂರು ಕೊಟೇಶನ್ ಮೂರು ಬೇರೆ ಬೇರೆ ಕೆಲಸಗಳದ್ದು. ಒಬ್ಬ ಹಳೆಯದನ್ನು ಕಿತ್ತು, ಮಣ್ಣು ತೆಗೆದು, ಜಲ್ಲಿ ಹಾಕಿ ಮಾಡುವ ಲೆಕ್ಕ ಕೊಟ್ಟಿರುತ್ತಾನೆ. ಇನ್ನೊಬ್ಬ ಹಳೆಯದರ ಮೇಲೇ ಒಂದೂವರೆ ಇಂಚು ಬಳಿದು ಹೋಗುವ ಲೆಕ್ಕ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಏನು ಸಿಗುತ್ತೆ ಹೇಳಿ?

ಹಾಕಿದ ದಿನ ಎಲ್ಲ ಡ್ರೈವ್‌ವೇಗಳೂ ಒಂದೇ ಥರ ಕಪ್ಪಗೆ ಮಿಂಚುತ್ತವೆ. ಒಳಗಿನ ಬಣ್ಣ ಬಯಲಾಗುವುದು ಎರಡು ಚಳಿಗಾಲ ಕಳೆದ ಮೇಲೆ. ನಮ್ಮ ನ್ಯೂಜೆರ್ಸಿಯ ಚಳಿ ಮಿನ್ನೆಸೋಟಾದ ಹಾಗೆ ಗಟ್ಟಿಯಾಗಿ ಕೂತುಬಿಡುವ ಚಳಿ ಅಲ್ಲ. ರಾತ್ರಿ ಹೆಪ್ಪುಗಟ್ಟುತ್ತದೆ, ಮಧ್ಯಾಹ್ನ ಕರಗುತ್ತದೆ, ಮತ್ತೆ ರಾತ್ರಿ ಹೆಪ್ಪು. ಬಿರುಕಿನಲ್ಲಿ ಇಳಿದ ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಿಗ್ಗಿ ಡಾಂಬರನ್ನು ಎತ್ತುತ್ತದೆ, ಕರಗಿದಾಗ ಕೆಳಗೆ ಟೊಳ್ಳು ಬಿಡುತ್ತದೆ. ಅದರ ಮೇಲೆ ಎಸ್‌ಯುವಿ ಹತ್ತಿದರೆ ಕುಸಿಯುತ್ತದೆ. ಡಾಂಬರು ಸ್ವಲ್ಪ ಬಾಗುವ ವಸ್ತು, ಕಾಂಕ್ರೀಟಿನಷ್ಟು ಬಿಗಿ ಇಲ್ಲ. ಭಾರ ಹೊರುವುದೆಲ್ಲ ಅದರ ಕೆಳಗಿನ ಜಲ್ಲಿ. ಜಲ್ಲಿ ಅಲುಗಾಡಿದರೆ ಮೇಲಿನ ಕಪ್ಪು ಏನು ಮಾಡೀತು?

ಮಧ್ಯೆ ಒಂದು ಮಾತು. ಅಮೆರಿಕದಲ್ಲಿ ಮೊದಲ ಆಸ್ಫಾಲ್ಟ್ ರಸ್ತೆ, ಅಂದರೆ ಇದೇ ಡಾಂಬರಿನ ರಸ್ತೆ, ಹಾಕಿದ್ದು ನಮ್ಮ ಪಕ್ಕದ ನ್ಯೂವರ್ಕ್‌ನಲ್ಲೇ. 1870ರಲ್ಲಿ, ಅಲ್ಲಿನ ಸಿಟಿ ಹಾಲ್ ಮುಂದೆ. ಹಾಕಿಸಿದ್ದು ಬೆಲ್ಜಿಯಂನಿಂದ ಬಂದಿದ್ದ ಡಿ ಸ್ಮೆಟ್ ಅನ್ನುವ ರಸಾಯನಶಾಸ್ತ್ರಜ್ಞ. ನೂರೈವತ್ತು ವರ್ಷ ಮೀರಿದ ಕಸುಬು ಇದು. ಸರಿಯಾಗಿ ಹೇಗೆ ಮಾಡಬೇಕು ಅನ್ನುವುದರಲ್ಲಿ ಗುಟ್ಟೇನೂ ಉಳಿದಿಲ್ಲ. ಮಾಡುವವರು ಮಾಡುತ್ತಾರಾ ಅನ್ನುವುದಷ್ಟೇ ಪ್ರಶ್ನೆ.

ನಮ್ಮ ಮನೆಯದನ್ನು ಹಾಕಿಸುವ ಹೊತ್ತಿಗೆ ಮಾವ ಇಲ್ಲೇ ಇದ್ದರು. ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಸಕಲೇಶಪುರದ ಕಡೆ ಮಳೆಯಲ್ಲಿ ರಸ್ತೆ ಉಳಿಸಿಕೊಳ್ಳಲು ಒದ್ದಾಡಿದವರು. ರಿಟೈರ್ ಆಗಿ ಎಷ್ಟೋ ಕಾಲವಾದರೂ ಡಾಂಬರು ಕಂಡರೆ ಬಗ್ಗಿ ನೋಡುವ ಅಭ್ಯಾಸ ಹೋಗಿಲ್ಲ. ಮೊದಲ ಕಂಟ್ರಾಕ್ಟರ್ ಬಂದು, ಚಕ್ರದ ಟೇಪಿನಲ್ಲಿ ಅಳತೆ ಮಾಡಿ, "ತ್ರೀ ಇಂಚಸ್, ಬೆಸ್ಟ್ ಕ್ವಾಲಿಟಿ" ಅಂದ. ನಾನು ತಲೆಯಾಡಿಸಿದೆ. ಮಾವ ಗ್ಯಾರೇಜ್ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು.

"ಅಳಿಯಂದ್ರೇ, ಆತನ್ನ ಒಂದು ಮಾತು ಕೇಳಿ. ಮೂರು ಇಂಚು ಅಂದ್ರಲ್ಲ, ಅದು ರೋಲರ್ ಹೊಡೆಯೋಕೆ ಮುಂಚೆನಾ, ಆಮೇಲಾ?"

ಕೇಳಿದೆ. ಆತ ನಕ್ಕು, ಮಾತು ಬೇರೆ ಕಡೆ ತಿರುಗಿಸಿದ. ಮಾವ ಒಳಗೆ ಹೋಗಿಬಿಟ್ಟರು. ಎರಡನೆಯವನಿಗೂ ಅದೇ ಪ್ರಶ್ನೆ. ಆ ಮನುಷ್ಯ ಮಾವನ ಕಡೆ ತಿರುಗಿ, "ಆಮೇಲೆ. ಕಾಗದದಲ್ಲೂ ಹಾಗೇ ಬರೆದುಕೊಡ್ತೀನಿ" ಅಂದ. ಕೆಲಸ ಅವನಿಗೇ ಹೋಯಿತು. ರೇಟು ಮೊದಲನೆಯವನಿಗಿಂತ ಜಾಸ್ತಿಯೇ ಇತ್ತು.

ಆ ಪ್ರಶ್ನೆ ಯಾಕೆ ಮುಖ್ಯ ಅಂದರೆ, ಬಿಸಿ ಮಿಶ್ರಣವನ್ನು 3 ಇಂಚು ಸಡಿಲವಾಗಿ ಹರಡಿ ರೋಲರ್ ಹೊಡೆದರೆ ಅದು ಎರಡೂಕಾಲು, ಹೆಚ್ಚೆಂದರೆ ಎರಡೂವರೆ ಇಂಚಿಗೆ ಇಳಿಯುತ್ತದೆ. ಹಾಗೆ ಹಾಕಿದವನು ಸುಳ್ಳು ಹೇಳಿದ ಹಾಗೂ ಆಗಲ್ಲ, ನಿಮಗೆ 3 ಇಂಚು ಸಿಕ್ಕಿದ ಹಾಗೂ ಆಗಲ್ಲ. ಕಾಗದದಲ್ಲಿ "ರೋಲರ್ ಹೊಡೆದ ಮೇಲೆ 3 ಇಂಚು" ಅಂತ ಇರಲೇಬೇಕು. ಇದನ್ನು ತೂಕದಲ್ಲಿ ಪರೀಕ್ಷಿಸುವುದು ಇನ್ನೂ ಸುಲಭ. ಸಾವಿರ ಚದರ ಅಡಿಗೆ 3 ಇಂಚು ಗಟ್ಟಿ ಡಾಂಬರು ಅಂದರೆ ಸುಮಾರು 18 ಟನ್ ಮಾಲು. 2 ಇಂಚಾದರೆ 12 ಟನ್ ಸಾಕು. ಪ್ಲಾಂಟಿನಿಂದ ಹೊರಡುವ ಪ್ರತಿ ಲಾರಿಗೂ ತೂಕದ ಚೀಟಿ ಇರುತ್ತದೆ. ಆ ಚೀಟಿಗಳ ಪ್ರತಿ ಕೊಡಿ ಅಂತ ಮೊದಲೇ ಹೇಳಿಡಿ. ಕೊಡುತ್ತೇನೆ ಅನ್ನುವವರು ಬೇರೆ ಥರ ಕೆಲಸ ಮಾಡುತ್ತಾರೆ. 6 ಟನ್ ವ್ಯತ್ಯಾಸವನ್ನು ಯಾವ ಮಾತಿನ ಮಲ್ಲನೂ ಮುಚ್ಚಿಡಲಾರ.

ಕೆಲಸದ ದಿನ ನಾನು ರಜೆ ಹಾಕಿದ್ದೆ. ಡಾಂಬರು ಬರುವ ಹಿಂದಿನ ದಿನವೇ ಅಸಲಿ ಕೆಲಸ ನಡೆಯಿತು. ನಮ್ಮ ಕಡೆಯ ಮಣ್ಣು ಕೆಂಪು ಜೇಡಿ. ಒಣಗಿದ್ದಾಗ ಇಟ್ಟಿಗೆ, ಒದ್ದೆಯಾದರೆ ರಾಡಿ. ಹಳೆಯದನ್ನು ಕಿತ್ತ ಮೇಲೆ ಆ ಮಣ್ಣಿನ ಮೇಲೆ ತುಂಬಿದ ಲಾರಿಯೊಂದನ್ನು ಮೆಲ್ಲಗೆ ಓಡಿಸಿದರು. ಮೇಲ್‌ಬಾಕ್ಸ್ ಹತ್ತಿರ ಚಕ್ರದ ಕೆಳಗೆ ನೆಲ ತೊನೆಯಿತು. ಕಣ್ಣಿಗೆ ಕಾಣುವಷ್ಟು ತೊನೆಯಿತು. ಸ್ಪ್ರಿಂಕ್ಲರ್ ಪೈಪ್ ಸೋರಿ ಮಣ್ಣು ನೆನೆದಿತ್ತು. ಅಷ್ಟು ಜಾಗದ ಹಸಿ ಮಣ್ಣನ್ನು ಬಗೆದು ತೆಗೆದು, ದಪ್ಪ ಕಲ್ಲು ತುಂಬಿದರು. ಆಮೇಲೆ ಎಲ್ಲ ಕಡೆ 6 ಇಂಚು ಜಲ್ಲಿ. ಇಲ್ಲಿನವರು ಅದಕ್ಕೆ ಕ್ಯೂಪಿ ಅನ್ನುತ್ತಾರೆ, ದಪ್ಪ ಕಲ್ಲಿನಿಂದ ಹಿಡಿದು ಪುಡಿಯವರೆಗೆ ಎಲ್ಲ ಸೇರಿದ ಕ್ವಾರಿ ಮಾಲು. ನೀರು ಚಿಮುಕಿಸಿ ರೋಲರ್ ಹೊಡೆದರು. ಮಾವ ಅದರ ಮೇಲೆ ಹೋಗಿ ಹಿಮ್ಮಡಿಯಿಂದ ಎರಡು ಸಲ ಕುಟ್ಟಿ, "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟ್. ಆ ನೆನೆದ ಜಾಗವನ್ನು ಹಾಗೇ ಬಿಟ್ಟು ಮೇಲೆ ಕಪ್ಪು ಹಾಸಿದ್ದರೂ ನನಗೆ ಗೊತ್ತೇ ಆಗುತ್ತಿರಲಿಲ್ಲ. ಕೊಟೇಶನ್ನಿನಲ್ಲಿ ಕಾಣದ ಇಂಥ ಕೆಲಸಕ್ಕೇ ನಾವು ದುಡ್ಡು ಕೊಡುವುದು.

ಮರುದಿನ ಬೆಳಗ್ಗೆ ಲಾರಿ ಬಂದಾಗ ಮಿಶ್ರಣ ಹೆಚ್ಚೂಕಮ್ಮಿ 150 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆಮೇಲೆ ಎಲ್ಲ ಓಟವೇ. ಅದು 85 ಡಿಗ್ರಿಗೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿಯಬೇಕು, ಆಮೇಲೆ ಎಷ್ಟು ಹೊಡೆದರೂ ಕೂರಲ್ಲ. ತೆಳು ಪದರ ಇನ್ನೂ ಬೇಗ ಆರುತ್ತದೆ. ಅದಕ್ಕೇ ನವೆಂಬರ್ ಕೊನೆಯ ಚಳಿಯಲ್ಲಿ ಡಿಸ್ಕೌಂಟ್ ಕೊಟ್ಟು ಹಾಕಿಕೊಡುತ್ತೇನೆ ಅನ್ನುವವರನ್ನು ನಾನು ನಂಬಲ್ಲ. ಅಂಚುಗಳನ್ನೂ ಗಮನಿಸಿ. ಎರಡೂ ಬದಿಯ ಅಂಚನ್ನು ಓರೆಯಾಗಿ ಕುಟ್ಟಿ, ಆಮೇಲೆ ಮಣ್ಣು ಒತ್ತಾಗಿ ತುಂಬಬೇಕು. ಆಸರೆ ಇಲ್ಲದ ಅಂಚಿನ ಮೇಲೆ ಕಾರಿನ ಚಕ್ರ ಹತ್ತಿದರೆ ಬಿಸ್ಕತ್ತಿನಂತೆ ಮುರಿಯುತ್ತದೆ.

ಹಳೆಯದರ ಮೇಲೇ ಹೊಸ ಪದರ ಹಾಕಿಸಬಹುದಾ ಅಂತ ತುಂಬ ಜನ ಕೇಳುತ್ತಾರೆ. ಕೆಳಗಿನದು ಗಟ್ಟಿಯಿದ್ದು, ಬರೀ ಮೇಲ್ಮೈ ಸವೆದಿದ್ದರೆ ಹಾಕಿಸಬಹುದು. ಸಣ್ಣ ಸಣ್ಣ ಚೌಕಗಳಾಗಿ, ಮೊಸಳೆ ಚರ್ಮದ ಹಾಗೆ ಒಡೆದಿದ್ದರೆ ಬೇಡವೇ ಬೇಡ. ಅದು ಅಡಿಪಾಯ ಸೋತಿರುವ ಗುರುತು. ಕೆಳಗಿನ ಬಿರುಕು ಹೊಸ ಪದರದಲ್ಲೂ ಅದೇ ಜಾಗದಲ್ಲಿ ಎದ್ದು ಬರುತ್ತದೆ. ಇನ್ನೊಂದು ತೊಂದರೆ, ಮೇಲೆ ಪದರ ಬಿದ್ದ ಹಾಗೆ ಡ್ರೈವ್‌ವೇ ಗ್ಯಾರೇಜ್ ನೆಲಕ್ಕಿಂತ ಎತ್ತರವಾಗಿ ಮಳೆನೀರು ಒಳಗೆ ನುಗ್ಗುತ್ತದೆ. ನಮ್ಮ ಪರಿಚಯದವರೊಬ್ಬರ ಮನೆಯಲ್ಲಿ ಹೀಗೇ ಆಗಿ, ಗ್ಯಾರೇಜಲ್ಲಿ ಇಟ್ಟಿದ್ದ ಸೋನಾ ಮಸೂರಿ ಮೂಟೆಗಳು ನೆನೆದವು. ಅಡಿಗೆ ಕಾಲು ಇಂಚಿನಂತೆ ಗ್ಯಾರೇಜಿನಿಂದ ಆಚೆಗೆ ಇಳಿಜಾರು ಇರಬೇಕು. ಇದನ್ನೂ ಕಾಗದದಲ್ಲಿ ಬರೆಸಿ.

ಇನ್ನು ಬಾಗಿಲು ತಟ್ಟುವವರು. "ಪಕ್ಕದ ರಸ್ತೆಯಲ್ಲಿ ಕೆಲಸ ಮಾಡ್ತಿದ್ವಿ, ಸ್ವಲ್ಪ ಡಾಂಬರು ಮಿಕ್ಕಿದೆ, ಅರ್ಧ ರೇಟಿಗೆ ಹಾಕಿಕೊಡ್ತೀವಿ, ಈಗಲೇ ಹೇಳಬೇಕು." ಇದು ಹಳೇ ಮೋಸ. ಫೆಡರಲ್ ಟ್ರೇಡ್ ಕಮಿಷನ್ನಿನವರೂ ಇದರ ಬಗ್ಗೆ ಎಚ್ಚರಿಸಿದ್ದಾರೆ. ಲೆಕ್ಕ ಹಾಕಿ ಟನ್ನುಗಳಲ್ಲಿ ಮಾಲು ತರಿಸುವವನ ಹತ್ತಿರ ಇಡೀ ಡ್ರೈವ್‌ವೇಗೆ ಆಗುವಷ್ಟು ಮಿಗುವುದಾದರೂ ಹೇಗೆ? ನಮ್ಮಲ್ಲಿ ಹಗಲು ಹೊತ್ತು ಮನೆಯಲ್ಲಿ ಇರುವವರು ಊರಿಂದ ಬಂದ ಅಪ್ಪ ಅಮ್ಮ. ಪಾಪ, ಅವರಿಗೆ ಇಂಗ್ಲಿಷಿನಲ್ಲಿ ಬೇಡ ಅನ್ನಲು ಸಂಕೋಚ. ಬಂದವರು ಆ ಸಂಕೋಚವನ್ನೇ ಒಪ್ಪಿಗೆ ಅಂತ ಮಾಡಿಕೊಂಡು ಕೆಲಸ ಶುರು ಮಾಡುತ್ತಾರೆ. ಮನೆಯಲ್ಲಿ ಹಿರಿಯರಿದ್ದರೆ ಇದನ್ನು ಮೊದಲೇ ಹೇಳಿಡಿ. ಬಾಗಿಲು ತೆಗೆಯಲೇಬೇಕು ಅಂತೇನಿಲ್ಲ.

ಕಾಗದ ಪತ್ರದ ವಿಷಯ ಬೇಗ ಮುಗಿಸುತ್ತೇನೆ. ನ್ಯೂಜೆರ್ಸಿಯಲ್ಲಿ ಮನೆ ಕೆಲಸದ ಕಂಟ್ರಾಕ್ಟರ್ ರಾಜ್ಯದ ಗ್ರಾಹಕ ವ್ಯವಹಾರಗಳ ವಿಭಾಗದಲ್ಲಿ ನೋಂದಣಿ ಮಾಡಿಸಿರಬೇಕು. ನಂಬರ್ 13ವಿಎಚ್ ಅಂತ ಶುರುವಾಗುತ್ತದೆ. 500 ಡಾಲರ್ ಮೀರಿದ ಕೆಲಸಕ್ಕೆ ಲಿಖಿತ ಒಪ್ಪಂದ ಕಡ್ಡಾಯ. ಸಹಿ ಮಾಡಿದ ಮೇಲೂ ಮೂರು ಕೆಲಸದ ದಿನಗಳೊಳಗೆ ರದ್ದು ಮಾಡುವ ಹಕ್ಕು ನಿಮಗಿದೆ. ಇನ್ಶೂರೆನ್ಸ್ ಸರ್ಟಿಫಿಕೇಟನ್ನು ಅವನ ಕೈಯಿಂದ ಪಡೆಯುವುದಕ್ಕಿಂತ ಇನ್ಶೂರೆನ್ಸ್ ಕಂಪನಿಯಿಂದಲೇ ನಿಮಗೆ ಕಳಿಸಲು ಹೇಳಿ. ಅಗೆಯುವ ಮುಂಚೆ 811ಕ್ಕೆ ಫೋನ್ ಹೋಗಿರಬೇಕು, ಗ್ಯಾಸ್ ಪೈಪ್ ಎಲ್ಲಿದೆ ಅಂತ ಗುರುತು ಹಾಕಿ ಹೋಗುತ್ತಾರೆ. ಅಗಲ ಮಾಡಿಸುವುದಾದರೆ ಟೌನ್‌ಶಿಪ್ಪಿನಲ್ಲಿ ಪರ್ಮಿಟ್ ವಿಚಾರಿಸಿ. ಜಾಗದಲ್ಲಿ ಎಷ್ಟು ಪಾಲು ನೀರು ಇಂಗದ ಹಾಗೆ ಮುಚ್ಚಬಹುದು ಅನ್ನುವುದಕ್ಕೆ ಎಷ್ಟೋ ಊರುಗಳಲ್ಲಿ ಮಿತಿ ಇದೆ. ಪೂರ್ತಿ ದುಡ್ಡು ಮುಂಗಡ ಕೇಳುವವರಿಗೆ ನಮಸ್ಕಾರ ಹೇಳಿ ಕಳಿಸಿ.

ಹಾಕಿಸಿದ ಮೇಲೆ? ಎರಡು ಮೂರು ದಿನ ಕಾರು ಹತ್ತಿಸಬೇಡಿ, ಬೇಸಿಗೆಯಾದರೆ ಇನ್ನೂ ಸ್ವಲ್ಪ ತಡೆಯಿರಿ. ಮೊದಲ ಬೇಸಿಗೆಯಲ್ಲಿ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಕಲೆ ಬೀಳುತ್ತದೆ, ಗಾಬರಿ ಬೇಡ. ಪೆಟ್ರೋಲು, ಇಂಜಿನ್ ಆಯಿಲ್ ಸೋರಿದರೆ ಮಾತ್ರ ತಕ್ಷಣ ಒರೆಸಿ. ಡಾಂಬರೂ ಪೆಟ್ರೋಲಿಯಮ್ಮಿನಿಂದಲೇ ಬಂದದ್ದು, ಎಣ್ಣೆ ಅದನ್ನು ಕರಗಿಸುತ್ತದೆ.

ಆಮೇಲೆ ಬರುತ್ತದೆ ನೋಡಿ ಸೀಲ್‌ಕೋಟ್ ಹುಚ್ಚು, ಅಂದರೆ ಡಾಂಬರಿನ ಮೇಲೆ ತೆಳು ಕಪ್ಪು ಲೇಪ ಬಳಿಸುವ ಹುಚ್ಚು. ಪಕ್ಕದ ಮನೆಯವರು ಪ್ರತಿ ವರ್ಷ ಬಳಿಸುತ್ತಾರೆ, ನಾವೂ ಬಳಿಸೋಣ. ಬೇಡ ಮಾರಾಯರೇ. ಹೊಸ ಡಾಂಬರಿಗೆ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಬಿಡಬೇಕು. ಆಮೇಲೆ ಮೂರು ನಾಲ್ಕು ವರ್ಷಕ್ಕೊಮ್ಮೆ ಸಾಕು. ಬಿಸಿಲಿಗೆ ಡಾಂಬರು ಒಣಗಿ ಬೂದಿಬಣ್ಣಕ್ಕೆ ತಿರುಗುವುದನ್ನು ಅದು ನಿಧಾನ ಮಾಡುತ್ತದೆ, ನಿಜ. ಸೋತ ಅಡಿಪಾಯದ ಮೇಲೆ ಸೀಲ್‌ಕೋಟ್ ಬಳಿದರೆ ತಲೆಗೂದಲಿಗೆ ಬಣ್ಣ ಹಚ್ಚಿ ಮಂಡಿನೋವು ಹೋಯಿತು ಅಂದ ಹಾಗೆ. ವರ್ಷ ವರ್ಷ ಬಳಿದರೆ ಪದರದ ಮೇಲೆ ಪದರ ಕೂತು ಅದೇ ಸಿಪ್ಪೆ ಏಳುತ್ತದೆ.

ಬಳಿಸುವಾಗ ಒಂದು ಪ್ರಶ್ನೆ ಕೇಳದೆ ಬಿಡಬೇಡಿ: ಇದು ಆಸ್ಫಾಲ್ಟ್‌ನದ್ದಾ, ಕೋಲ್ ಟಾರ್‌ನದ್ದಾ? ಕಲ್ಲಿದ್ದಲಿನಿಂದ ಬರುವ ಕೋಲ್ ಟಾರ್ ಸೀಲರಿನಲ್ಲಿ ಪಿಎಎಚ್ ಅನ್ನುವ ರಾಸಾಯನಿಕಗಳು ಆಸ್ಫಾಲ್ಟ್ ಸೀಲರಿಗಿಂತ ಸುಮಾರು 1000 ಪಟ್ಟು ಜಾಸ್ತಿ ಅಂತ ಯುಎಸ್ ಜಿಯಾಲಾಜಿಕಲ್ ಸರ್ವೆಯ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಸವೆದ ಪುಡಿ ಚಪ್ಪಲಿಗೆ ಅಂಟಿ ಮನೆಯೊಳಗೆ ಬರುತ್ತದೆ, ಮಳೆಯಲ್ಲಿ ತೊಳೆದು ತೊರೆಗೆ ಸೇರುತ್ತದೆ. ಟೆಕ್ಸಸ್‌ನ ಆಸ್ಟಿನ್ ನಗರ 2006ರಲ್ಲೇ ಇದನ್ನು ನಿಷೇಧಿಸಿತು, ಆಮೇಲೆ ವಾಷಿಂಗ್ಟನ್, ಮಿನ್ನೆಸೋಟಾ ರಾಜ್ಯಗಳೂ ನಿಷೇಧಿಸಿದವು. ಮಕ್ಕಳು ಸೀಮೆಸುಣ್ಣ ಹಿಡಿದು ಚಿತ್ರ ಬರೆಯುವ ಜಾಗ ಅದು, ಅಲ್ವಾ? ಡಬ್ಬಿಯ ಮೇಲಿನ ಬರಹ ಓದಿಯೇ ಒಪ್ಪಿಕೊಳ್ಳಿ.

ಸೀಲ್‌ಕೋಟಿಗೆ ಇಡುವ ದುಡ್ಡಿನಲ್ಲಿ ಅರ್ಧವನ್ನು ಬಿರುಕು ತುಂಬಿಸಲು ಇಡಿ ಅನ್ನುವುದು ನನ್ನ ಅಭಿಪ್ರಾಯ. ಕಾಲು ಇಂಚಿನ ಬಿರುಕು ಕಂಡರೆ ಚಳಿಗಾಲಕ್ಕೆ ಮುಂಚೆ ಮುಚ್ಚಿಸಬೇಕು. ಹುಲ್ಲು ಕಿತ್ತು, ಗಾಳಿ ಊದಿ ಕಸ ತೆಗೆದು, ರಬ್ಬರ್ ಬೆರೆತ ಬಿಸಿ ಮಾಲು ಸುರಿಯುವವರು ಸಿಗುತ್ತಾರೆ. ಬಾಟಲಿಯಿಂದ ಸುರಿಯುವ ತಣ್ಣನೆಯ ಮಾಲಿಗಿಂತ ಅದು ಚೆನ್ನಾಗಿ ಹಿಡಿಯುತ್ತದೆ. ನೋಡಲು ಚೆಂದ ಇರಲ್ಲ, ಕಪ್ಪು ಹಾವು ಹರಿದ ಹಾಗೆ ಗೆರೆ ಬೀಳುತ್ತದೆ. ಬೀಳಲಿ ಬಿಡಿ.

ಕೊನೆಗೆ, ಯಾರನ್ನೂ ಕರೆಯುವ ಮುಂಚೆ ಮಾಡಬಹುದಾದ ಪುಕ್ಕಟೆ ಕೆಲಸ ಒಂದಿದೆ. ಮುಂದಿನ ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ನಿಂತು, ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಅಂತ ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಎಷ್ಟೋ ಮನೆಗಳಲ್ಲಿ ಮಾಡಿನ ನೀರು ಇಳಿಸುವ ಡೌನ್‌ಸ್ಪೌಟ್ ಪೈಪಿನ ಬಾಯಿ ನೇರ ಡ್ರೈವ್‌ವೇ ಅಂಚಿಗೇ ಬಿಟ್ಟಿರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಉದ್ದನೆಯ ಪೈಪ್ ತಂದು ಅದನ್ನು ಹುಲ್ಲಿನ ಕಡೆ ತಿರುಗಿಸಿ. ಕಂಟ್ರಾಕ್ಟರ್ ಬಂದಾಗ ಬೆಲೆ ಮಾತಾಡುವ ಮುಂಚೆ ಆ ವಿಡಿಯೋ ತೋರಿಸಿ, ಈ ನೀರಿಗೆ ಏನು ಮಾಡ್ತೀರಿ ಅಂತ ಕೇಳಿ. ಬಗ್ಗಿ ನೆಲ ನೋಡುವವನಿಗೆ ಕೊಟೇಶನ್ ಕೊಡಲು ಹೇಳಿ.